ಪುಟ್ಟ ಬಿದಿರು: ಆರು ವರ್ಷ ಬೆಳೆಸಿದವರ ಮಾತು

ಈ ಗಿಡ ನೆಟ್ಟು ಆರು ವರ್ಷ ತುಂಬಿತು. ಹೆಸರು ಪ್ಲಿಯೋಬ್ಲಾಸ್ಟಸ್ ಪಿಗ್ಮಿಯಸ್. ಜಪಾನಿನ ತೋಟಗಳಿಂದ ಬೇರೆ ಕಡೆ ಹರಡಿದ ಕುಳ್ಳ ಬಿದಿರು. ಬಿದಿರು ಅಂದ ಕೂಡಲೇ ಎತ್ತರದ ಮೆಳೆ ಕಣ್ಣಮುಂದೆ ಬರುತ್ತದೆ ಅಲ್ವಾ? ಇದು ನನ್ನಲ್ಲಿ ಇದುವರೆಗೂ ಮೊಣಕಾಲು ದಾಟಿಲ್ಲ. ಕಡ್ಡಿ ಪೆನ್ಸಿಲ್‌ಗಿಂತ ಸಪೂರ. ಆದರೂ ಒಂದನ್ನು ಕಿತ್ತು ಹತ್ತಿರದಿಂದ ನೋಡಿ. ಗೆಣ್ಣು ಇದೆ, ಗೆಣ್ಣನ್ನು ಸುತ್ತಿಕೊಂಡ ಒಣ ಹಾಳೆ ಇದೆ. ದೊಡ್ಡ ಬಿದಿರಿನಲ್ಲಿ ಇರುವುದೆಲ್ಲ ಬೆರಳುದ್ದದಲ್ಲಿ ಇದೆ. ಕಳಲೆ ಮಣ್ಣಿಂದ ಮೇಲೆ ಬರುವಾಗ ಎಷ್ಟು ದಪ್ಪವೋ, ಕೊನೆವರೆಗೂ ಅಷ್ಟೇ. ಮರದ ಹಾಗೆ ವರ್ಷ ವರ್ಷ ದಪ್ಪ ಆಗುವುದಿಲ್ಲ, ಯಾಕೆಂದರೆ ಬಿದಿರು ಹುಲ್ಲಿನ ಜಾತಿ.

ನಾನು ತಂದದ್ದು ಒಂದು ಇಳಿಜಾರಿಗಾಗಿ. ಜೋರು ಮಳೆ ಬಂದಾಗಲೆಲ್ಲ ಅಲ್ಲಿನ ಮಣ್ಣು ಕೊಚ್ಚಿಕೊಂಡು ಹೋಗುತ್ತಿತ್ತು. ಹುಲ್ಲು ಹಾಕಿದೆ, ನಿಲ್ಲಲಿಲ್ಲ. ಈ ಬಿದಿರು ನಿಂತಿತು. ಮೊದಲ ವರ್ಷ ಸುಮ್ನೆ ಕೂತಂತೆ ಕಾಣುತ್ತಿತ್ತು, ಎರಡನೇ ವರ್ಷ ಅಲ್ಲಲ್ಲಿ ಚಿಗುರು, ಮೂರನೇ ವರ್ಷಕ್ಕೆ ಮಣ್ಣೇ ಕಾಣದಷ್ಟು ಹಸಿರು. ಒಂದು ಕಡೆ ಅಗೆದು ನೋಡಿದಾಗ ಕಾರಣ ಗೊತ್ತಾಯಿತು. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಹಳದಿ ಹಗ್ಗದಂಥ ಕಾಂಡಗಳು ಅಡ್ಡಡ್ಡ ಹೆಣೆದುಕೊಂಡಿದ್ದವು. ಪ್ರತಿ ಗೆಣ್ಣಿನಲ್ಲೂ ಬೇರು, ಪಕ್ಕದಲ್ಲಿ ಒಂದು ಮೊಗ್ಗು. ಮಣ್ಣನ್ನು ಹಿಡಿದಿದ್ದು ಆ ಹೆಣಿಗೆ.

ಸಮಸ್ಯೆ ಇರುವುದೂ ಅಲ್ಲೇ. ಕೊಟ್ಟ ನರ್ಸರಿಯವರು "ಇದು ಗುಂಪಾಗಿ ಒಂದೇ ಕಡೆ ಇರುತ್ತೆ" ಅಂದಿದ್ದರು. ಅದು ತಪ್ಪು ಮಾಹಿತಿ. ಇದು ನೆಲದೊಳಗೆ ಓಡುವ ಬಿದಿರು. ನಾಲ್ಕನೇ ವರ್ಷ ಗುಲಾಬಿ ಪಾತಿಯ ನಡುವೆ ಅದರ ಚಿಗುರು ಎದ್ದಾಗ ನನಗೆ ನಿಜಕ್ಕೂ ಬೇಜಾರಾಯಿತು. ಎರಡು ಗುಲಾಬಿ ಗಿಡ ಕಿತ್ತು, ಬೇರಿನ ಸಂದಿಯಿಂದ ಒಂದೊಂದೇ ತುಂಡು ಬಿಡಿಸಬೇಕಾಯಿತು. ಮೊಗ್ಗಿರುವ ಸಣ್ಣ ತುಂಡು ಉಳಿದರೂ ಮತ್ತೆ ಬರುತ್ತದೆ. ಹಾಗಾಗಿ ನೆಡುವ ಮೊದಲೇ ಸುತ್ತ ಎರಡು ಅಡಿ ಆಳಕ್ಕೆ ದಪ್ಪ ಪ್ಲಾಸ್ಟಿಕ್ ತಡೆ ಇಳಿಸಿ. ಅದರ ಅಂಚು ನೆಲದಿಂದ ಎರಡು ಇಂಚು ಮೇಲೆ ಇರಲಿ, ಇಲ್ಲದಿದ್ದರೆ ಕಾಂಡ ಅದರ ಮೇಲಿಂದಲೇ ದಾಟುತ್ತದೆ. ನಾನು ಆಮೇಲೆ ಹಾಕಿದೆ, ಕೆಲಸ ಜಾಸ್ತಿ ಆಯಿತು. ಈಗ ವರ್ಷಕ್ಕೆ ಎರಡು ಸಲ ಅಂಚಿನುದ್ದಕ್ಕೂ ಗುದ್ದಲಿ ಆಡಿಸಿ ಹೊರಗೆ ಬಂದದ್ದನ್ನು ಕಡಿಯುತ್ತೇನೆ.

ಉಳಿದಂತೆ ಆರೈಕೆ ಸುಲಭ. ಅರೆನೆರಳು ಸಾಕು, ನೀರು ನಿಲ್ಲುವ ಜಾಗ ಮಾತ್ರ ಬೇಡ. ಬಾಯಾರಿದರೆ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ, ನೀರು ಹಾಕಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ ವರ್ಷಕ್ಕೊಮ್ಮೆ. ಚಳಿಗಾಲದಲ್ಲಿ ಎಲೆಯ ಅಂಚು ಒಣಗಿ ಬಿಳಿಚಿಕೊಂಡು ಮಂಕಾಗಿ ಕಾಣುತ್ತದೆ. ಚಳಿ ಮುಗಿದು ಹೊಸ ಚಿಗುರು ಏಳುವ ಮೊದಲು ಇಡೀ ಪಾತಿಯನ್ನು ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಮೊದಲ ಸಲ ಕತ್ತರಿಸುವಾಗ ನನ್ನ ಕೈ ನಡುಗಿತ್ತು. ಕೆಲವೇ ವಾರಗಳಲ್ಲಿ ಎಳೆ ಹಸಿರು ಹಾಸಿದಂತೆ ಬಂತು. ಅದಕ್ಕಿಂತ ಚಂದದ ದಿನಗಳು ಈ ಗಿಡಕ್ಕೆ ಇಲ್ಲ. ಕತ್ತರಿಯನ್ನು ಮಾತ್ರ ಆಗಾಗ ಸಾಣೆ ಹಿಡಿಸಿ. ಬಿದಿರಿನಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ.

ಕುಂಡದಲ್ಲೂ ಒಂದಿದೆ. ಜಾಗ ಕಮ್ಮಿ ಇದ್ದವರಿಗೆ ನಾನು ಹೇಳುವುದು ಅದನ್ನೇ. ಎರಡು ಮೂರು ವರ್ಷಕ್ಕೆ ಬೇರು ಕುಂಡದ ತುಂಬ ಸುತ್ತಿಕೊಳ್ಳುತ್ತದೆ. ಆಗ ಹೊರತೆಗೆದು, ಹರಿತವಾದ ಚಾಕುವಿನಿಂದ ಎರಡು ಭಾಗ ಮಾಡಿ, ಹೊಸ ಮಣ್ಣು ಹಾಕಬೇಕು. ಒಂದು ಸಲ ಎಲೆ ಬುಡದಲ್ಲಿ ಹಿಟ್ಟು ತಿಗಣೆ ಬಂದಿತ್ತು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆ. ಕಳಲೆ ತಿನ್ನಬಹುದೇ ಅಂತ ಕೇಳುತ್ತಾರೆ. ಇಷ್ಟು ಸಪೂರದ್ದರಲ್ಲಿ ಅಡುಗೆಗೆ ಸಿಗುವುದು ಏನೂ ಇಲ್ಲ.

ಸಸಿ ಕೇಳಿದವರಿಗೆ ಮೂರು ನಾಲ್ಕು ಕಡ್ಡಿ, ಕೈಯುದ್ದದ ನೆಲಕಾಂಡ, ಅದರ ಮೇಲೆ ಗಟ್ಟಿ ಮೊಗ್ಗು ಇರುವ ತುಂಡು ಕೊಡುತ್ತೇನೆ. ಬೇರು ಒಣಗದಂತೆ ಒದ್ದೆ ಗೋಣಿಯಲ್ಲಿ ಸುತ್ತಿ ಕೊಡುತ್ತೇನೆ. ಆದರೆ ಮೊದಲು ಕೇಳುವುದು ಒಂದೇ: ತಡೆ ಹಾಕಿದ್ದೀರಾ? ಇಲ್ಲ ಅಂದರೆ ತುಂಡು ಇಲ್ಲಿಯೇ ಕುಂಡದಲ್ಲಿ ಕಾಯುತ್ತದೆ.