ಇನ್‌ಶರ್ಟ್ ಮಾಡಬೇಕೇ, ಹೊರಗೆ ಬಿಡಬೇಕೇ?

ಮೊದಲ ಕೆಲಸಕ್ಕೆ ಸೇರುತ್ತಿರುವ ತಾವು ಕೇಳಿರುವ ಈ ಪ್ರಶ್ನೆಗೆ ಉತ್ತರವನ್ನು ಬಹುಮಟ್ಟಿಗೆ ಅಂಗಿಯ ಅಂಚೇ ಹೇಳುತ್ತದೆ. ಮುಂದೆ ಹಿಂದೆ ಉದ್ದವಾಗಿ ಇಳಿದು ಪಕ್ಕಗಳಲ್ಲಿ ಮೇಲೇರುವ ಬಾಗಿದ ಅಂಚು, ಯುರೋಪಿನಲ್ಲಿ ಅಂಗಿಯು ಒಳ ಉಡುಪಾಗಿಯೂ ಬಳಕೆಯಾಗುತ್ತಿದ್ದ ಕಾಲದಿಂದ ಉಳಿದುಬಂದ ರೂಪ. ಕುಳಿತು ಎದ್ದಾಗಲೂ ಅದು ಸುಲಭವಾಗಿ ಹೊರಬರುವುದಿಲ್ಲ, ಆದರೆ ಹೊರಗೆ ಬಿಟ್ಟರೆ ಜೋಲಾಡುತ್ತದೆ. ನಮ್ಮ ಹಿರಿಯರ ಬುಷ್ ಶರ್ಟಿನಂತೆ ನೇರ ಅಂಚಿದ್ದು, ಪ್ಯಾಂಟಿನ ಜಿಪ್ಪಿನ ನಡುಭಾಗದವರೆಗೆ ಮಾತ್ರ ಇಳಿಯುವ ಅಂಗಿಯನ್ನು ಹೊರಗೆ ಬಿಟ್ಟರೇ ಚೆನ್ನ.

ಖರ್ಚಿನ ವಿಷಯದಲ್ಲಿ ಇನ್‌ಶರ್ಟ್ ಸ್ವಲ್ಪ ದುಬಾರಿ, ಏಕೆಂದರೆ ಬೆಲ್ಟು ಮತ್ತು ಬೂಟುಗಳು ಎದ್ದು ಕಾಣುತ್ತವೆ. ಹೊರಗೆ ಬಿಡಬಯಸುವವರು ಹಳೆಯ ಉದ್ದನೆಯ ಅಂಗಿಗಳ ಅಂಚನ್ನು ದರ್ಜಿಯಿಂದ ಕತ್ತರಿಸಿ ಹೊಲಿಸಿಕೊಂಡರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸೊಂಟದ ಸುತ್ತ ಗಾಳಿಯಾಡುವುದು ಸಣ್ಣ ಸುಖವೇನಲ್ಲ.

ಹೊರಗೆ ಬಿಟ್ಟ ಅಂಗಿ ಅಗೌರವದ ಗುರುತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಫಿಲಿಪ್ಪೀನ್ಸಿನಲ್ಲಿ ಮದುವೆಗೂ ಸರ್ಕಾರಿ ಸಮಾರಂಭಕ್ಕೂ ತೊಡುವ ಬರೋಂಗ್ ಎಂಬ ಅಂಗಿ ಹೊರಗೇ ಇರುತ್ತದೆ. ಆದರೂ ಸಂದರ್ಶನಕ್ಕೆ, ಬ್ಯಾಂಕಿನಂತಹ ಕಚೇರಿಗೆ, ಕೋಟು ತೊಡುವ ದಿನಕ್ಕೆ ಇನ್‌ಶರ್ಟನ್ನೇ ಆರಿಸಿಕೊಳ್ಳಿ. ಸಾಫ್ಟ್‌ವೇರ್ ಕಚೇರಿಯಲ್ಲಾದರೆ ಮೊದಲ ವಾರ ಸಹೋದ್ಯೋಗಿಗಳ ರೂಢಿಯನ್ನು ಗಮನಿಸಿ, ಬಳಿಕ ನೇರ ಅಂಚಿನ ಎರಡು ಅಂಗಿ ಹೊಲಿಸಿಕೊಳ್ಳಬಹುದು.