ಸಿಎಸ್‌ಆರ್‌ಎಸ್-ಪಿಪಿಪಿ: 49ನೇ ಅಕ್ಷಾಂಶದ ಗಡಿಕಂಬ ಅಳೆಯಲು ಎಷ್ಟು ನಂಬಬಹುದು?

ಜಿಪಿಎಸ್‌ನಂಥ ಉಪಗ್ರಹಗಳ ಸಿಗ್ನಲ್‌ನಿಂದ ಒಂದು ಜಾಗದ ನಿಖರ ಸ್ಥಾನ ಲೆಕ್ಕಹಾಕುವ ಈ ಆನ್‌ಲೈನ್ ಸೇವೆಯನ್ನು ಕೆನಡಾ ಸರ್ಕಾರದ ಇಲಾಖೆ ನ್ಯಾಚುರಲ್ ರಿಸೋರ್ಸಸ್ ಕೆನಡಾ ನಡೆಸುತ್ತದೆ; ಉಚಿತ. ರಿಸೀವರ್ ದಾಖಲಿಸಿದ ಸಿಗ್ನಲ್‌ಗಳ ರೈನೆಕ್ಸ್ ಫೈಲ್ ಹಾಕಿ 'ಸ್ಟ್ಯಾಟಿಕ್' (ಒಂದೇ ಕಡೆ ನಿಂತ ಅಳತೆ) ಆರಿಸಿದರೆ ಫಲಿತಾಂಶ ಇಮೇಲ್‌ಗೆ ಬರುತ್ತದೆ. ಹತ್ತಿರದಲ್ಲಿ ಬೇಸ್ ಸ್ಟೇಷನ್ (ಸ್ಥಾನ ಗೊತ್ತಿರುವ ಜಾಗದಲ್ಲಿಟ್ಟ ಇನ್ನೊಂದು ರಿಸೀವರ್) ಇರಬೇಕಿಲ್ಲ. 49ನೇ ಅಕ್ಷಾಂಶದ ಗುಂಟ ಸಾಗುವ ಅಮೆರಿಕ–ಕೆನಡಾ ಗಡಿಯ ಕಾಡುಮೇಡಿನಲ್ಲಿ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ರಿಸೀವರ್ ಡ್ಯುಯಲ್ ಫ್ರೀಕ್ವೆನ್ಸಿಯದೇ (ಎರಡು ತರಂಗಾಂತರ ಹಿಡಿಯುವಂಥದ್ದು) ಇರಲಿ; ಸಿಂಗಲ್‌ನಲ್ಲಿ ಸೆಂಟಿಮೀಟರ್ ನಿಖರತೆ ಸಿಗುವುದಿಲ್ಲ. ಗಡಿಯುದ್ದಕ್ಕೂ ಮರ ಕಡಿದಿರುವ ಪಟ್ಟಿ ಬರೀ 6 ಮೀಟರ್ ಅಗಲ. ಪೂರ್ವ, ಪಶ್ಚಿಮಕ್ಕೆ ಆಕಾಶ ಕಂಡರೂ ಉತ್ತರ, ದಕ್ಷಿಣಕ್ಕೆ ಮರಗಳದ್ದೇ ಗೋಡೆ. ಸಿಗ್ನಲ್ ತುಂಡಾದಾಗಲೆಲ್ಲ ಲೆಕ್ಕ ಮತ್ತೆ ಕುದುರಬೇಕು. ಬಯಲಲ್ಲಿ ಒಂದು ಗಂಟೆ ಸಾಕೆನಿಸಿದರೆ ಇಲ್ಲಿ ನಾಲ್ಕೈದು ಗಂಟೆ ಬಿಡಿ. ಮೊನಚು ತುದಿಯ ಕಂಬದ ಮೇಲೆ ಟ್ರೈಪಾಡ್ ನಿಲ್ಲದು. ಪಟ್ಟಿಯಲ್ಲಿ ಎರಡು ಮೊಳೆ ಹೊಡೆದು, ಎರಡನ್ನೂ ಅಳೆದು, ಅಲ್ಲಿಂದ ಟೋಟಲ್ ಸ್ಟೇಷನ್‌ನಲ್ಲಿ (ಕೋನ, ದೂರ ಅಳೆಯುವ ಉಪಕರಣ) ಕಂಬ ಹಿಡಿಯಿರಿ. ಮೊಳೆಗಳ ನಡುವಿನ ಅಂತರ ಕಂಬದ ದೂರಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ದಿಕ್ಕಿನ ಸಣ್ಣ ತಪ್ಪೂ ಕಂಬದ ಬಳಿ ಹಿಗ್ಗುತ್ತದೆ.

ನಿರ್ದೇಶಾಂಕ ಚೌಕಟ್ಟಿನ ಆಯ್ಕೆಯಲ್ಲಿ ಇಡೀ ಭೂಮಿಗೆ ಹೊಂದುವ ಐಟಿಆರ್‌ಎಫ್ ಬೇಡ, ಉತ್ತರ ಅಮೆರಿಕದ ನ್ಯಾಡ್83 ಒತ್ತಿ. ಅಂತರರಾಷ್ಟ್ರೀಯ ಗಡಿ ಆಯೋಗ ಪ್ರಕಟಿಸುವ ನಿರ್ದೇಶಾಂಕಗಳು ಅದರಲ್ಲೇ ಇವೆ. ಎರಡರ ನಡುವೆ ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಆಂಟೆನಾ ಮಾದರಿಯ ಹೆಸರು ಫೈಲ್‌ನ ಹೆಡರ್‌ನಲ್ಲಿ (ಆರಂಭದ ಸಾಲುಗಳಲ್ಲಿ) ಸರಿಯಾಗಿದೆಯೇ ಎಂದು ವರದಿಯಲ್ಲಿ ನೋಡಿಕೊಳ್ಳಿ. ಸೇವೆ ಆ ಹೆಸರು ಗುರುತಿಸದಿದ್ದರೆ ಆಂಟೆನಾದ ತಿದ್ದುಪಡಿಯಿಲ್ಲದೆಯೇ ಉತ್ತರ ಕೊಟ್ಟುಬಿಡುತ್ತದೆ. ಉಪಗ್ರಹಗಳ ಕಕ್ಷೆಯ ಅಂತಿಮ ದತ್ತಾಂಶ ಬರಲು ಸುಮಾರು ಎರಡು ವಾರ ಬೇಕು. ಆಮೇಲೆ ಅದೇ ಫೈಲ್ ಮತ್ತೊಮ್ಮೆ ಹಾಕಿ.

ಫಲಿತಾಂಶ 49°00′00″ ಬರಲಿಲ್ಲವೆಂದು ಸೇವೆಯನ್ನು ದೂರಬೇಡಿ. ವಾಷಿಂಗ್ಟನ್ ರಾಜ್ಯದ ಬ್ಲೇನ್ ಊರಿನ ಪೀಸ್ ಆರ್ಚ್ ಸ್ಮಾರಕದ ಬಳಿ ಗಡಿ ಸುಮಾರು 49.002°ಯಲ್ಲಿದೆ, ಅಂದರೆ 200 ಮೀಟರ್‌ಗೂ ಹೆಚ್ಚು ಉತ್ತರಕ್ಕೆ. 1857–61ರ ಮೋಜಣಿದಾರರು ಜೆನಿತ್ ಟೆಲಿಸ್ಕೋಪ್‌ನಲ್ಲಿ (ನೆತ್ತಿಯ ಸಮೀಪದ ನಕ್ಷತ್ರ ನೋಡುವ ದೂರದರ್ಶಕ) ನಕ್ಷತ್ರ ನೋಡಿ ಅಕ್ಷಾಂಶ ತೆಗೆದರು. ಅವರ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಉಪಕರಣದ ಮಟ್ಟ ಗುರುತ್ವವನ್ನೇ ನಂಬುತ್ತದೆ, ಪರ್ವತರಾಶಿ ತೂಗುಗುಂಡಿನ ದಾರವನ್ನೇ ಓರೆ ಮಾಡುತ್ತದೆ. ಕೋನದ ಒಂದು ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಓರೆಯಾದರೂ ನೆಲದ ಮೇಲೆ 31 ಮೀಟರ್! ಕಾನೂನಿಗೆ ಕಂಬವೇ ಗಡಿ. 1925ರ ಒಪ್ಪಂದದ ಪ್ರಕಾರ ಕಂಬದಿಂದ ಕಂಬಕ್ಕೆ ನೇರ ಗೆರೆ. ಒಂದೇ ಅಕ್ಷಾಂಶದಲ್ಲಿ 3 ಕಿ.ಮೀ. ಅಂತರದಲ್ಲಿರುವ ಎರಡು ಕಂಬಗಳ ನಡುವೆ ಈ ಗೆರೆ ಅಕ್ಷಾಂಶವೃತ್ತಕ್ಕಿಂತ ಮಧ್ಯದಲ್ಲಿ ಸುಮಾರು 20 ಸೆಂ.ಮೀ. ಉತ್ತರಕ್ಕೆ ಸರಿಯುತ್ತದೆ. ಅಷ್ಟನ್ನು ಹಿಡಿಯುವ ಶಕ್ತಿ ಈ ಸೇವೆಗಿದೆ. ದಾರ ಎಷ್ಟು ಓರೆಯಾಗಿತ್ತೆಂದು ಮಾತ್ರ ಅದು ಹೇಳಲಾರದು. ಅದಕ್ಕೆ ಅದೇ ಜಾಗದಲ್ಲಿ ನಕ್ಷತ್ರ ನೋಡಿ ಅಕ್ಷಾಂಶ ತೆಗೆದು ಹೋಲಿಸಬೇಕು.