ಇಕ್ಕಟ್ಟಿನ ಗ್ಯಾರೇಜಿಗೊಂದು ಬೈಕ್ ಟ್ರಾಲಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯನ್ನು ತಂದೆಯವರು ಕಟ್ಟಿಸುವಾಗ ಗ್ಯಾರೇಜಿನ ಯೋಚನೆಯೇ ಇರಲಿಲ್ಲ. ಆಗ ಮನೆಯಲ್ಲಿದ್ದ ವಾಹನವೆಂದರೆ ಇದೇ ಊರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಒಂದು ಯೆಜ್ಡಿ ಮಾತ್ರ. ರಾತ್ರಿಯಾದರೆ ಮೆಟ್ಟಿಲುಗಳ ಮೇಲೆ ಹಲಗೆ ಹಾಕಿ ಅದನ್ನು ಜಗುಲಿಗೆ ಹತ್ತಿಸುತ್ತಿದ್ದರು, ಬೆಳಿಗ್ಗೆ ಹಾಗೆಯೇ ಇಳಿಸುತ್ತಿದ್ದರು. ಮನೆಯ ಪಕ್ಕದಲ್ಲಿ ಉಳಿದಿದ್ದ ಓಣಿಯಂಥ ಜಾಗಕ್ಕೆ ಸೂರು ಹೊದಿಸಿ, ಮುಂದೆ ಶಟರ್ ಇಟ್ಟು ಗ್ಯಾರೇಜು ಮಾಡಿದ್ದು ಕಾರು ಬಂದ ಮೇಲೆ. ಅದರ ಒಳ ಅಗಲ ಒಂಬತ್ತೂವರೆ ಅಡಿ, ಉದ್ದ ಹದಿನೆಂಟು ಅಡಿ. ಈಗ ಅಲ್ಲಿ ಒಂದು ವ್ಯಾಗನ್ ಆರ್ ಮತ್ತು ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎರಡೂ ಇರಬೇಕಾಗಿದೆ. ಇದಕ್ಕಾಗಿ ನಾನು ಮಾಡಿಸಿಕೊಂಡ ಬೈಕ್ ಪಾರ್ಕಿಂಗ್ ಟ್ರಾಲಿಯ ಬಗ್ಗೆ, ಹದಿನಾಲ್ಕು ತಿಂಗಳು ಬಳಸಿದ ಮೇಲೆ, ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು, ಏಕೆಂದರೆ ಟೇಪು ಹಿಡಿಯದೆ ಇಂಥ ಸಾಮಾನು ಕೊಳ್ಳುವುದು ದಂಡ. ಗ್ಯಾರೇಜಿನ ಅಗಲ ಸುಮಾರು 2,895 ಮಿಲಿಮೀಟರ್. ಕಾರಿನ ಮೈ ಅಗಲ 1,620. ಚಾಲಕನ ಬಾಗಿಲು ಬಲಗಡೆಗೆ ಇರುವುದರಿಂದ ಇಳಿಯಲು ಆ ಬದಿಯಲ್ಲಿ ಎರಡು ಅಡಿ ಬಿಡಲೇಬೇಕು. ಎಡಕ್ಕೆ ಉಳಿಯುವುದು 670 ಮಿಲಿಮೀಟರಿನ ಆಸುಪಾಸು. ಕ್ಲಾಸಿಕ್‌ನ ಅಗಲ ಕನ್ನಡಿಗಳನ್ನು ಬಿಟ್ಟೇ 785; ಹಾಗಾಗಿ ಕಾರಿನ ಪಕ್ಕದಲ್ಲಿ ಬೈಕು ನಿಲ್ಲಿಸುವ ಆಸೆಯನ್ನು ಕೈಬಿಡಬೇಕಾಯಿತು. ಉದ್ದದ ಲೆಕ್ಕ ಮಾತ್ರ ಕೊಂಚ ಉದಾರವಾಗಿದೆ. ಕಾರು 3,655 ಮಿಲಿಮೀಟರ್ ತಿಂದ ಮೇಲೆ ಹಿಂಗೋಡೆಯ ಕಡೆ ಆರು ಅಡಿ ಉಳಿಯುತ್ತದೆ. ಬೈಕಿನ ಉದ್ದ 2,145, ಅಂದರೆ ಏಳು ಅಡಿಗೆ ಒಂದು ಚೂರು ಹೆಚ್ಚು. ನೇರವಾಗಿ ನಿಲ್ಲಿಸಿದರೆ ಆಗದು, ಹಿಂಗೋಡೆಗೆ ಒರಗಿಸಿದಂತೆ ಅಡ್ಡಡ್ಡ ನಿಲ್ಲಿಸಿದರೆ ಸಲೀಸಾಗಿ ಆಗುತ್ತದೆ, ಕಾರಿನ ಮೂತಿಗೂ ಬೈಕಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗವೂ ಸಿಗುತ್ತದೆ.

ತೊಡಕಿರುವುದು ಅಡ್ಡ ತಿರುಗಿಸುವುದರಲ್ಲಿ. ಮೆಕ್ಯಾನಿಕ್‌ಗಳು ಸೈಡ್ ಸ್ಟ್ಯಾಂಡಿನ ಮೇಲೆ ಬೈಕನ್ನು ತಮ್ಮ ಕಡೆಗೆ ವಾಲಿಸಿಕೊಂಡು, ಚಕ್ರಗಳನ್ನು ನೆಲದಿಂದ ಬಿಡಿಸಿ, ಸ್ಟ್ಯಾಂಡಿನ ಕಾಲನ್ನೇ ಗೂಟವಾಗಿಸಿ ಗಾಡಿಯನ್ನು ಗಿರ್ರನೆ ತಿರುಗಿಸುವುದನ್ನು ನೀವೂ ನೋಡಿರಬಹುದು. ಮೂರು ವರ್ಷ ನಾನೂ ಅದನ್ನೇ ಮಾಡಿದೆ. ಆದರೆ ಪೆಟ್ರೋಲು, ಆಯಿಲು ಸೇರಿ 195 ಕಿಲೋ ತೂಗುವ ಗಾಡಿಯ ಭಾರವೆಲ್ಲ ಆ ಕ್ಷಣದಲ್ಲಿ ಬೀಳುವುದು ಸ್ಟ್ಯಾಂಡಿನ ಒಂದೇ ಬೋಲ್ಟಿನ ಮೇಲೆ. ಉಳಿದದ್ದು ತಿರುಗಿಸುವವನ ಸೊಂಟದ ಮೇಲೆ. ಬೋಲ್ಟು ಇನ್ನೂ ಗಟ್ಟಿಯಾಗಿತ್ತು, ಐವತ್ತನಾಲ್ಕರ ಸೊಂಟ ಕೈಕೊಟ್ಟಿತು.

ಮಾರುಕಟ್ಟೆಯಲ್ಲಿ ಎರಡು ಬಗೆಯ ಟ್ರಾಲಿಗಳಿವೆ. ಒಂದು, ಸೆಂಟರ್ ಸ್ಟ್ಯಾಂಡಿನ ಕೆಳಗೆ ಬರುವ ಚಿಕ್ಕ ತಟ್ಟೆಯಂಥದ್ದು. ಅಗ್ಗ, ಹಗುರ, ಕೆಲಸವಿಲ್ಲದಾಗ ಗೋಡೆಗೆ ಆನಿಸಿಡಬಹುದು. ಆದರೆ ತಟ್ಟೆಯ ದಪ್ಪದಷ್ಟು ಎತ್ತರಕ್ಕೆ ಗಾಡಿಯನ್ನು ಹೆಚ್ಚುವರಿಯಾಗಿ ಎಳೆದು ಸ್ಟ್ಯಾಂಡ್ ಹಾಕಬೇಕು, ತಿರುಗಿಸುವಾಗ ಮುಂಚಕ್ರ ನೆಲಕ್ಕೆ ಉಜ್ಜುತ್ತದೆ. ಅಂಗಡಿಯಲ್ಲಿ ಒಮ್ಮೆ ಪ್ರಯತ್ನಿಸಿ ಬೇಡವೆಂದುಕೊಂಡೆ. ಇನ್ನೊಂದು, ಇಡೀ ಬೈಕನ್ನು ಹೊರುವ ಉದ್ದನೆಯ ಟ್ರಾಲಿ. ಎರಡೂ ಚಕ್ರಗಳು ಕೂರುವ ಕಬ್ಬಿಣದ ಚಾನೆಲ್, ಅದರ ಹಿಂತುದಿಯಲ್ಲಿ ಹತ್ತಿಸಲು ಇಳಿಜಾರು, ಮುಂತುದಿಯಲ್ಲಿ ಚಕ್ರವನ್ನು ತಡೆಯುವ ಬಾಗಿದ ಪಟ್ಟಿ, ಎಡಕ್ಕೆ ಸೈಡ್ ಸ್ಟ್ಯಾಂಡ್ ಊರುವ ಹಲಗೆ, ಕೆಳಗೆ ಎಲ್ಲ ದಿಕ್ಕಿಗೂ ತಿರುಗುವ ಆರು ಕ್ಯಾಸ್ಟರ್ ಚಕ್ರಗಳು. ನಾನು ಮಾಡಿಸಿದ್ದು ಇದನ್ನು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಬ್ರಿಕೇಷನ್ ಶಾಪಿನಲ್ಲಿ. ಉದ್ದ ಏಳು ಅಡಿ, ಚಾನೆಲ್ಲಿನ ಒಳ ಅಗಲ ಆರು ಇಂಚು. ಹಿಂದಿನ ಟೈರಿನ ಅಗಲ 120 ಮಿಲಿಮೀಟರ್ ಆದ್ದರಿಂದ ಆರು ಇಂಚು ಸಾಕು. ಇನ್ನೂ ಅಗಲವಾಗಿದ್ದರೆ ಚಕ್ರ ಒಳಗೇ ಅತ್ತಿತ್ತ ಆಡುತ್ತದೆ. ಟ್ರಾಲಿಯ ತೂಕ 24 ಕಿಲೋ. ಕೊಟ್ಟ ಬೆಲೆ 5,200 ರೂಪಾಯಿ.

ವೆಲ್ಡಿಂಗು ಅಚ್ಚುಕಟ್ಟಾಗಿತ್ತು, ಬಣ್ಣವೂ ನಿಂತಿದೆ. ದೋಷ ಬೇರೆ ಕಡೆ ಇತ್ತು. ಸ್ಟ್ಯಾಂಡಿನ ಹಲಗೆಯನ್ನು ಅವರು ಚಾನೆಲ್ಲಿನ ತಳಕ್ಕಿಂತ ಅರ್ಧ ಇಂಚು ಎತ್ತರದಲ್ಲಿ ಬೆಸೆದಿದ್ದರು. ಅರ್ಧ ಇಂಚು ಏನು ಮಹಾ ಎನ್ನಿಸಬಹುದು. ಆದರೆ ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲುವುದು ಅದರ ಭಾರ ಎಡಕ್ಕೆ ವಾಲಿರುವುದರಿಂದಲೇ. ಸ್ಟ್ಯಾಂಡಿನ ಕಾಲ ಕೆಳಗೆ ನೆಲ ಎತ್ತರವಾದಷ್ಟೂ ಗಾಡಿ ನೆಟ್ಟಗಾಗುತ್ತದೆ, ನೆಟ್ಟಗಾದಷ್ಟೂ ಬಲಕ್ಕೆ ಉರುಳಲು ಸಣ್ಣ ತಳ್ಳು ಸಾಕಾಗುತ್ತದೆ. ಮೊದಲ ದಿನ ಬೈಕು ಹತ್ತಿಸಿ ಸ್ಟ್ಯಾಂಡ್ ಹಾಕಿದಾಗ ಅದು ಮೆರವಣಿಗೆಯ ಪೊಲೀಸಿನಂತೆ ಸೆಟೆದು ನಿಂತಿತು, ಬೆರಳಲ್ಲಿ ಒತ್ತಿದರೆ ಸ್ಟ್ಯಾಂಡಿನ ಕಾಲು ಹಲಗೆಯಿಂದ ಏಳುತ್ತಿತ್ತು. ಟ್ರಾಲಿಯನ್ನು ಆಟೋದಲ್ಲಿ ಹೇರಿಕೊಂಡು ವಾಪಸು ಹೋದೆ. ‘ಎಲ್ಲರಿಗೂ ಹೀಗೇ ಮಾಡಿಕೊಡ್ತೀವಿ ಸರ್, ಯಾರೂ ಏನೂ ಅಂದಿಲ್ಲ’ ಎಂದರು ಮಾಲೀಕರು. ಅರ್ಧ ಗಂಟೆಯ ಚರ್ಚೆಯ ನಂತರ ಹಲಗೆಯನ್ನು ಕತ್ತರಿಸಿ ಚಾನೆಲ್ಲಿನ ತಳದ ಮಟ್ಟಕ್ಕೇ ಮತ್ತೆ ಬೆಸೆದುಕೊಟ್ಟರು. ಅದಕ್ಕೆ ದುಡ್ಡು ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಇಂಥ ಟ್ರಾಲಿ ಕೊಳ್ಳುವವರು ಬಣ್ಣ, ಬೆಲೆ ನೋಡುವ ಮೊದಲು ಒಂದು ನೇರವಾದ ಪಟ್ಟಿಯನ್ನು ಚಾನೆಲ್ಲಿನ ತಳದಿಂದ ಹಲಗೆಯವರೆಗೆ ಅಡ್ಡ ಹಿಡಿದು ಮಟ್ಟ ನೋಡಲಿ.

ಎರಡನೆಯ ತಕರಾರು ಕ್ಯಾಸ್ಟರ್‌ಗಳದ್ದು. ಟ್ರಾಲಿಯೊಂದಿಗೆ ಬಂದ ನೈಲಾನ್ ಚಕ್ರಗಳು ತಲಾ 40 ಕಿಲೋ ಹೊರುವಂಥವು. ಆರ್ನಾಲ್ಕಲ ಇಪ್ಪತ್ನಾಲ್ಕು, ಆದ್ದರಿಂದ 240 ಕಿಲೋ ಹೊರುತ್ತದೆ ಎಂಬುದು ಶಾಪಿನವರ ಮಗ್ಗಿ. ಗಾಡಿಯೂ ಟ್ರಾಲಿಯೂ ಸೇರಿ 219 ಕಿಲೋ ಆಗುವುದರಿಂದ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನಮ್ಮ ಮನೆಗಳ ಸಿಮೆಂಟು ನೆಲ ಕನ್ನಡಿಯಂತೆ ಸಮನಾಗಿರುವುದಿಲ್ಲ. ಉಬ್ಬುತಗ್ಗಿನ ಮೇಲೆ ಆರರಲ್ಲಿ ಎರಡೋ ಮೂರೋ ಚಕ್ರಗಳು ಬರೀ ಗಾಳಿಯಲ್ಲಿ ತೇಲುತ್ತಿದ್ದು, ಭಾರವನ್ನೆಲ್ಲ ಉಳಿದವು ಹೊರುತ್ತವೆ. ಹಾಗಾಗಿ ಒಟ್ಟು ತೂಕವನ್ನು ಮೂರರಿಂದ ಭಾಗಿಸಿ ಬಂದಷ್ಟನ್ನು, ನನ್ನ ಲೆಕ್ಕದಲ್ಲಿ 73 ಕಿಲೋ, ಪ್ರತಿಯೊಂದು ಚಕ್ರವೂ ಒಂಟಿಯಾಗಿ ತಡೆಯುವಂತಿರಬೇಕು. ನಾಲ್ಕನೆಯ ತಿಂಗಳಲ್ಲಿ ಒಂದು ಚಕ್ರ ಸೀಳಿತು, ಮತ್ತೊಂದರ ಅಂಚು ಒಡೆಯಿತು. ಆರನ್ನೂ ತೆಗೆಸಿ, ತಲಾ 100 ಕಿಲೋ ಹೊರುವ ಪಾಲಿಯುರಿಥೇನ್ ಚಕ್ರಗಳನ್ನು 1,860 ರೂಪಾಯಿಗೆ ಹಾಕಿಸಿದೆ. ನೈಲಾನ್ ಚಕ್ರ ಒಂದು ಜಲ್ಲಿಯ ಚೂರು ಸಿಕ್ಕಿದರೂ ಗಕ್ಕನೆ ನಿಲ್ಲುತ್ತಿತ್ತು. ಮೆತ್ತಗಿರುವ ಇವು ಸಣ್ಣಪುಟ್ಟ ಕಸವನ್ನು ದಾಟಿಕೊಂಡು ಹೋಗುತ್ತವೆ, ರಾತ್ರಿ ಹನ್ನೊಂದಕ್ಕೆ ತಳ್ಳಿದರೂ ಪಕ್ಕದ ಮನೆಯವರಿಗೆ ಗಡಗಡ ಸದ್ದು ಕೇಳಿಸುವುದಿಲ್ಲ. ಆದರೂ ತಿರುಗಿಸುವ ಮೊದಲು ಪೊರಕೆಯಾಡಿಸುವ ಅಭ್ಯಾಸ ಒಳ್ಳೆಯದು.

ಈ ಸಾಮಾನಿನ ನಿಜವಾದ ಅಪಾಯವಿರುವುದು ಅದು ಚೆನ್ನಾಗಿ ಉರುಳುವುದರಲ್ಲೇ. ಗ್ಯಾರೇಜು ತೊಳೆದ ನೀರು ಹೊರಗೆ ಹರಿಯಲೆಂದು ಗಾರೆಯವರು ನೆಲಕ್ಕೆ ಗೇಟಿನ ಕಡೆ ವಾಟ ಕೊಟ್ಟಿರುತ್ತಾರೆ. ನಮ್ಮಲ್ಲಿ ಹದಿನೆಂಟು ಅಡಿಗೆ ಮೂರು ಇಂಚು ಇಳಿತ. ಕಣ್ಣಿಗೆ ಕಾಣದಷ್ಟು ಕಡಿಮೆಯಾದರೂ 219 ಕಿಲೋ ಭಾರವನ್ನು ಅದು ಸುಮಾರು ಮೂರು ಕಿಲೋ ಬಲದಿಂದ ಸದಾ ಗೇಟಿನ ಕಡೆಗೆ ಎಳೆಯುತ್ತಲೇ ಇರುತ್ತದೆ. ಹೊಸ ಚಕ್ರ ಹಾಕಿಸಿದ ವಾರವೇ, ಬ್ರೇಕು ಒತ್ತುವುದನ್ನು ಮರೆತು, ಕೆಳಗೆ ಬಿದ್ದಿದ್ದ ಕವರ್ ಎತ್ತಿಕೊಳ್ಳಲು ಬಗ್ಗಿದ್ದೆ. ತಲೆಯೆತ್ತಿ ನೋಡುವಷ್ಟರಲ್ಲಿ ಬೈಕು ಯಾವ ಸದ್ದೂ ಇಲ್ಲದೆ, ನಿಂತ ಭಂಗಿಯಲ್ಲೇ, ನನ್ನ ಕಡೆಗೆ ಬರುತ್ತಿತ್ತು. ಕೈಯಲ್ಲಿ ತಡೆದದ್ದರಿಂದ ಕಾರಿನ ಬಂಪರಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಆರರಲ್ಲಿ ಎರಡೇ ಚಕ್ರಗಳಿಗೆ ಬ್ರೇಕಿತ್ತು. ಈಗ ನಾಲ್ಕಕ್ಕೆ ಇದೆ. ಅದರ ಜೊತೆಗೆ ಎರಡು ಮರದ ಬೆಣೆಗಳನ್ನು ಹಗ್ಗ ಕಟ್ಟಿ ಟ್ರಾಲಿಗೇ ನೇತುಹಾಕಿದ್ದೇನೆ, ಟ್ರಾಲಿ ಗೋಡೆ ಸೇರಿದ ಕೂಡಲೇ ಅವು ಚಕ್ರದ ಕೆಳಗೆ ಹೋಗುತ್ತವೆ. ಬೈಕಿನ ಎಡಮಗ್ಗುಲನ್ನು ಗೋಡೆಯ ಕಡೆಗೆ ಇಡುವುದೂ ಇದೇ ಕಾರಣಕ್ಕೆ. ಗಾಡಿ ವಾಲಿರುವುದು ಗೋಡೆಯತ್ತ, ಬಿಸಿ ಸೈಲೆನ್ಸರ್ ಇರುವ ಬಲಮಗ್ಗುಲು ಖಾಲಿ ಜಾಗದತ್ತ.

ಹತ್ತಿಸುವ ಕ್ರಮ ಹೀಗಿದೆ. ಟ್ರಾಲಿಯ ಮೂತಿಯನ್ನು ಹಿಂಗೋಡೆಗೆ ತಾಗಿಸದಿದ್ದರೆ ಬೈಕು ಇಳಿಜಾರು ಹತ್ತುವ ಬದಲು ಟ್ರಾಲಿಯನ್ನೇ ಮುಂದಕ್ಕೆ ನೂಕಿಕೊಂಡು ಹೋಗುತ್ತದೆ. ಎಂಜಿನ್ ಆರಿಸಿ, ಪಕ್ಕದಲ್ಲಿ ನಡೆಯುತ್ತ, ಒಂದೇ ಉಸಿರಿನಲ್ಲಿ ತಳ್ಳಬೇಕು. ಹಿಂಚಕ್ರ ಹತ್ತುವಾಗ ಮಾತ್ರ ಸ್ವಲ್ಪ ಬಲ ಬೇಕು. ಸ್ಟ್ಯಾಂಡ್ ಹಾಕಿ, ಮುಂದಿನ ಬ್ರೇಕಿನ ಲಿವರಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ, ಟ್ರಾಲಿಯನ್ನು ಒಂದು ಮೊಳ ಹಿಂದಕ್ಕೆಳೆದು ಬಲಕ್ಕೆ ತಿರುಗಿಸಿ ಗೋಡೆಗೆ ಸರಿಸಿದರೆ ಮುಗಿಯಿತು. ಮೊದಲಿಗೆ ಹತ್ತು ನಿಮಿಷ ಹಿಡಿಯುತ್ತಿದ್ದ ಕೆಲಸ ಈಗ ಮೂರು ನಿಮಿಷದ್ದು. ಇಳಿಸುವಾಗ ವಾಟ ನಮ್ಮ ಪರವಾಗಿರುತ್ತದೆ, ಆದ್ದರಿಂದ ರಬ್ಬರ್ ಬ್ಯಾಂಡ್ ಬಿಚ್ಚುವ ಮುನ್ನ ಲಿವರ್ ಮೇಲೆ ಕೈಯಿರಬೇಕು.

ಟ್ರಾಲಿ ಕಳ್ಳನಿಗೂ ಅಷ್ಟೇ ಅನುಕೂಲ ಎಂಬುದು ನನಗೆ ತಡವಾಗಿ ಹೊಳೆಯಿತು. ಚಾನೆಲ್ಲಿನಲ್ಲಿ ಮುಂಚಕ್ರ ನೇರವಾಗಿರುವುದರಿಂದ ಹ್ಯಾಂಡಲ್ ತಿರುಗದು, ಹ್ಯಾಂಡಲ್ ಲಾಕ್ ಬೀಳದು. ಬೀಗ ಹಾಕಿದ ಬೈಕನ್ನು ಕೂಡ ಟ್ರಾಲಿ ಸಮೇತ ತಳ್ಳಿಕೊಂಡು ಹೋಗಬಹುದು. ನೆಲಕ್ಕೆ ಕಬ್ಬಿಣದ ಬಳೆಯೊಂದನ್ನು ಆ್ಯಂಕರ್ ಬೋಲ್ಟುಗಳಿಂದ ಬಿಗಿಸಿ, ಸರಪಳಿಯನ್ನು ಬೈಕಿನ ಫ್ರೇಮು ಮತ್ತು ಟ್ರಾಲಿಯ ಚಾನೆಲ್ ಎರಡರಲ್ಲೂ ತೂರಿಸಿ ಬೀಗ ಹಾಕುತ್ತೇನೆ. ಗೋಡೆಗೆ ಬಿಗಿಸಲು ಹೋಗಿದ್ದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆಯಲ್ಲಿ ಬೋಲ್ಟು ಹಿಗ್ಗಿದಂತೆ ಇಟ್ಟಿಗೆಯೇ ಪುಡಿಯಾಗಿ ಉದುರಿತು. ಹೊಸ ಮನೆಗಳಲ್ಲೂ ಇಟ್ಟಿಗೆಯನ್ನು ನಂಬುವುದಕ್ಕಿಂತ ಕಾಂಕ್ರೀಟಿನ ಕಂಬವನ್ನೋ ನೆಲವನ್ನೋ ಆರಿಸಿಕೊಳ್ಳುವುದು ಲೇಸು. ಬಳೆ, ಸರಪಳಿ, ಬೀಗಕ್ಕೆ 2,900 ಆಯಿತು. ಎಲ್ಲ ಸೇರಿಸಿದರೆ ಹತ್ತು ಸಾವಿರಕ್ಕೆ ನಲವತ್ತು ರೂಪಾಯಿ ಕಡಿಮೆ.

ಬೈಕು ಹಿಂಗೋಡೆ ಸೇರಿದ ಮೇಲೆ ಅಲ್ಲಿದ್ದ ಇನ್ವರ್ಟರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮಟ್ಟದಲ್ಲೇ ಕೂರುತ್ತದೆ. ಚಾರ್ಜ್ ಆಗುವ ಲೆಡ್ ಆ್ಯಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಶಟರ್ ಎಳೆದ ಗ್ಯಾರೇಜಿನಲ್ಲಿ ಇವೆರಡರ ಜೊತೆಗೆ ಸ್ವಿಚ್ಚಿನ ಕಿಡಿಯೂ ಸೇರುವುದು ಬೇಡ. ಕವರ್ ವಿಚಾರದಲ್ಲಿ ಹೇಳುವುದು ಹೆಚ್ಚಿಲ್ಲ. ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಒಳಗಿನ ತೇವವನ್ನು ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ, ಹಳೆಯ ಹತ್ತಿಯ ಬೆಡ್‌ಶೀಟೇ ಮೇಲು, ಅದನ್ನೂ ಸೈಲೆನ್ಸರ್ ತಣ್ಣಗಾದ ಮೇಲೆ ಹೊದಿಸಬೇಕು.

ಇನ್ನುಳಿದ ಕೊರತೆಯನ್ನು ಮುಚ್ಚಿಡುವಂತಿಲ್ಲ. ಬೈಕು ಹೊರಬರಬೇಕಾದರೆ ಮೊದಲು ಕಾರು ಹೊರಬರಬೇಕು. ದಿನಾ ಬೆಳಿಗ್ಗೆ ಬೈಕಿನಲ್ಲೇ ಆಫೀಸಿಗೆ ಹೋಗುವವರಿಗೆ ಈ ಏರ್ಪಾಡನ್ನು ನಾನು ಸೂಚಿಸಲಾರೆ. ಒಂದು ವಾರದಲ್ಲಿ ಬೇಸತ್ತು ಬೈಕನ್ನು ರಸ್ತೆಯಲ್ಲೇ ಬಿಡುತ್ತಾರೆ, ಟ್ರಾಲಿಯ ಮೇಲೆ ಹಳೆಯ ಪೇಪರ್ ಕಟ್ಟುಗಳು ಕೂರುತ್ತವೆ. ಭಾನುವಾರ ಶ್ರೀರಂಗಪಟ್ಟಣದವರೆಗೋ ನಂಜನಗೂಡಿನವರೆಗೋ ಹೋಗಿಬರುವ ನನ್ನಂಥವರಿಗೆ ತೊಂದರೆಯಿಲ್ಲ. ಗ್ರಾನೈಟ್ ಅಥವಾ ನುಣುಪಾದ ಟೈಲ್ಸ್ ನೆಲವಿದ್ದರೆ ಟ್ರಾಲಿ ಇನ್ನೂ ಸಲೀಸಾಗಿ ಉರುಳುವುದರಿಂದ ಬ್ರೇಕು, ಬೆಣೆಗಳ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು. ಹೊರಗಿನ ಒರಟು ಕಲ್ಲುಹಾಸಿನ ಮೇಲೆ ಇದು ಕೆಲಸಕ್ಕೆ ಬಾರದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಆ ಅರ್ಧ ಇಂಚಿಗೆ, ಉಳಿದರ್ಧ ಮೂಲ ಚಕ್ರಗಳಿಗೆ. ಮನೆಯಾಕೆಯೂ ಒಬ್ಬಳೇ ಟ್ರಾಲಿ ತಿರುಗಿಸಿ ಹಿಂದಿನ ಗೋಡೆಯ ಜೇಡರಬಲೆ ತೆಗೆಯುತ್ತಾಳೆ. ಬೈಕು ಹತ್ತಿಸುವ ಕೆಲಸ ಮಾತ್ರ ಇಂದಿಗೂ ನನ್ನದೇ.